ಬೋದಿಗೆ ಗೊತ್ತಿಲ್ಲದವರು ಮನೆ ಕಟ್ಟುತ್ತಾರಂತೆ!

ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳು ಬಂತೆಂದರೆ ನನ್ನ ಪ್ರೆಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಕಡೆ ಮದುವೆ ಕಾರ್ಡು, ಇನ್ನೊಂದು ಕಡೆ ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು. ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ನಾಲ್ಕು ಪ್ರತಿ. 'ಅಂಕಲ್, ನಾಳೆ ಬೆಳಿಗ್ಗೆ ಹತ್ತಕ್ಕೆ ಬೇಕೇ ಬೇಕು' ಎನ್ನುವ ಆತುರ. ಇಂಜಿನಿಯರಿಂಗ್, ಆರ್ಕಿಟೆಕ್ಚರ್, ಎಂ.ಬಿ.ಎ. ಎಲ್ಲಕ್ಕೂ ಬೈಂಡಿಂಗ್ ಮಾಡಿಕೊಟ್ಟಿದ್ದೇನೆ. ಇಪ್ಪತ್ತು ವರ್ಷದ ಮೇಲಾಯಿತು. ಗೆಳೆಯರೇ, ಅಷ್ಟೂ ರಿಪೋರ್ಟುಗಳಲ್ಲಿ ಕನ್ನಡದಲ್ಲಿ ಬರೆದದ್ದು ಎಷ್ಟು ಗೊತ್ತೇ? ಕನ್ನಡ ಎಂ.ಎ. ಹುಡುಗರದ್ದು ಬಿಟ್ಟರೆ ಒಂದೂ ಇಲ್ಲ. ಸೊನ್ನೆ!

ಹಂಪಿಯ ಕಲ್ಲುಮಂಟಪದ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿ. ಮಲೆನಾಡಿನ ಮನೆಗಳ ಮೇಲೆ ಬರೆದದ್ದೂ ಇಂಗ್ಲಿಷಿನಲ್ಲಿ. ಆ ಮನೆ ಕಟ್ಟಿದವನು, ಅದರಲ್ಲಿ ಹುಟ್ಟಿ ಬೆಳೆದವನು ಆ ಪುಸ್ತಕವನ್ನು ಕೈಗೆತ್ತಿಕೊಂಡರೆ ಚಿತ್ರ ನೋಡಿ ಕೆಳಗಿಡಬೇಕು.

2025ರಲ್ಲಿ ಒಂದು ರಿಪೋರ್ಟು ಬಂತು. ನಮ್ಮ ಬೈಂಡಿಂಗ್ ಹುಡುಗ ಹಾಳೆ ತಿರುವಿ, 'ಅಣ್ಣಾ, ಇದ್ಯಾವ ಭಾಷೆ?' ಎಂದು ಕೂಗಿದ. ಜಪಾನಿ ಭಾಷೆ. ಬರೆದವಳು ನನ್ನ ಅಕ್ಕನ ಮಗಳು. ಕ್ಯೋಟೋ ನಗರದ ಒಂದು ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಓದಿ ಬಂದವಳು. ನೂರಾರು ಪುಟ ಜಪಾನಿ ಅಕ್ಷರ. ಅದರ ಮಧ್ಯೆ ಒಂದು ಚಿತ್ರ. ಅರಕಲಗೂಡು ಕಡೆಯ ನಮ್ಮಜ್ಜಿಯ ತೊಟ್ಟಿ ಮನೆ. ಚಿತ್ರದ ಸುತ್ತ ಕನ್ನಡ ಅಕ್ಷರದಲ್ಲಿ: ಕಂಬ, ಬೋದಿಗೆ, ತೊಲೆ, ಜಂತೆ, ಸೂರು, ಜಗಲಿ. ಪಕ್ಕದಲ್ಲಿ ಜಪಾನಿ ಅರ್ಥ.

ನನ್ನ ಪ್ರೆಸ್ಸಿನಲ್ಲಿ ಆರ್ಕಿಟೆಕ್ಚರ್ ರಿಪೋರ್ಟಿನೊಳಗೆ ಕನ್ನಡ ಅಕ್ಷರ ಕಂಡದ್ದು ಅದೇ ಮೊದಲು. ಅದೂ ಜಪಾನಿನಿಂದ ಬರಬೇಕಾಯಿತು! ಹೇಗೆ ಬಂತು ಎಂಬುದನ್ನು ಕೇಳಿ. ನಾನು ಪಿ.ಯು.ಸಿ. ಓದಿದವನು, ದೊಡ್ಡ ಮಾತು ಬರುವುದಿಲ್ಲ. ಕಂಡದ್ದನ್ನು, ಆ ಹುಡುಗಿ ಹೇಳಿದ್ದನ್ನು ಹೇಳುತ್ತೇನೆ.

ಕತ್ತೆ ಎಂದರೆ 'ಕೊಂಡು'!

ಈ ಹುಡುಗಿ ಬೆಂಗಳೂರಿನಲ್ಲಿ ಬಿ.ಆರ್ಕ್. ಮುಗಿಸಿ, ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 2022ರ ಅಕ್ಟೋಬರಿನಲ್ಲಿ ಹೊರಟಳು. ಮೊದಲ ಆರು ತಿಂಗಳು ಆರ್ಕಿಟೆಕ್ಚರ್ ಇಲ್ಲ, ಬರೀ ಭಾಷೆಯ ಪಾಠ. 'ನಮ್ಮಲ್ಲಿ ಓದಬೇಕೇ? ನಮ್ಮ ಮಾತು ಕಲಿ' ಎನ್ನುವುದು ಅವರ ಲೆಕ್ಕ. ಇಂಗ್ಲಿಷಿನಲ್ಲೇ ಮುಗಿಸಬಹುದಾದ ಕೋರ್ಸುಗಳೂ ಈಗ ಅಲ್ಲಿವೆ. ಆದರೆ ಇವಳಿಗೆ ಹಳೆಯ ಮರದ ಮನೆಗಳ ಮೇಲೆ ಆಸೆ. ಬಡಗಿಗಳ ಹತ್ತಿರ ಕೂರಬೇಕಾದರೆ ಇಂಗ್ಲಿಷಿನಿಂದ ಆಗುವ ಕೆಲಸವಲ್ಲ.

ಅಲ್ಲಿ ಮೂರು ಬಗೆಯ ಅಕ್ಷರ. ಹಿರಗಾನ, ಕತಕಾನ, ಮೇಲೆ ಕಾಂಜಿ ಎಂಬ ಚೀನೀ ಮೂಲದ ಚಿತ್ರಾಕ್ಷರ. ಸರ್ಕಾರದ ದಿನಬಳಕೆಯ ಪಟ್ಟಿಯಲ್ಲೇ 2,136 ಕಾಂಜಿಗಳಿವೆ. ಇವಳ ಹೆಸರಿನಲ್ಲಿರುವ 'ಲ' ಅವರ ನಾಲಿಗೆಗೆ ಬರದೆ 'ರ' ಆಯಿತು. ಮೊದಲ ತಿಂಗಳು ಫೋನಿನಲ್ಲಿ ಅಳು. 'ಮಾವ, ಒಂದನೇ ಕ್ಲಾಸಿಗೆ ವಾಪಸು ಸೇರಿದ ಹಾಗಿದೆ.'

ಎರಡನೇ ತಿಂಗಳಿಗೆ ಅಳು ನಿಂತಿತು. ನಗುತ್ತಾ ಹೇಳಿದಳು: 'ಮಾವ, ಇದು ಕನ್ನಡದ ಹಾಗೇ ಇದೆ! ಇಂಗ್ಲಿಷಿನಲ್ಲಿ ಯೋಚನೆ ಮಾಡಿದರೆ ತಲೆಕೆಳಗು, ಕನ್ನಡದಲ್ಲಿ ಯೋಚನೆ ಮಾಡಿದರೆ ನೆಟ್ಟಗೆ.'

ನಾವು 'ಮನೆಗೆ ಹೋಗು' ಎನ್ನುತ್ತೇವೆ. ಅವರು 'ಇಯೆ ನಿ ಇಕು' ಎನ್ನುತ್ತಾರೆ. ಇಯೆ ಅಂದರೆ ಮನೆ, ನಿ ಅಂದರೆ ನಮ್ಮ 'ಗೆ', ಇಕು ಅಂದರೆ ಹೋಗು. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಬೆನ್ನಿಗೆ. ನಮ್ಮ 'ತಿಂದು ನೋಡು' ಅವರಲ್ಲಿ 'ತಬೆತೆ ಮಿರು'. ತಬೆತೆ ತಿಂದು, ಮಿರು ನೋಡು. ಇಂಗ್ಲಿಷಿನವನಿಗೆ ತಿನ್ನುವುದನ್ನು 'ನೋಡುವುದು' ಹೇಗೆಂದು ಅರ್ಥವಾಗುವುದೇ ಇಲ್ಲ. ನಮ್ಮ ಹಳ್ಳಿಯ ಅಜ್ಜಿಗೆ ಅರ್ಥವಾಗುತ್ತದೆ! ನಮ್ಮ 'ಕೊಂಡಿಡು' ಅವರಲ್ಲಿ 'ಕತ್ತೆ ಒಕು'. ಅಲ್ಲಿ ಕತ್ತೆ ಎಂದರೆ 'ಕೊಂಡು'! ಒಕು ಎಂದರೆ ಇಡು. ಈ ಪಾಠ ಕಲಿತ ದಿನ ಅವಳೊಬ್ಬಳೇ ಕ್ಲಾಸಿನಲ್ಲಿ ಬಿದ್ದು ಬಿದ್ದು ನಕ್ಕಳಂತೆ.

ಇದನ್ನು ಕೇಳಿ 'ಜಪಾನಿ ಭಾಷೆ ಕನ್ನಡದಿಂದಲೇ ಹುಟ್ಟಿತು' ಎಂದು ಭಾಷಣ ಬಿಗಿಯಲು ಹೊರಡಬೇಡಿ. ನಾನು ಹೇಳುವುದು ಇಷ್ಟೇ. 'ಕನ್ನಡ ಕಲಿತು ಎಲ್ಲಿಗೆ ಹೋಗುತ್ತೀಯ' ಎಂದು ಕೇಳುವವರಿಗೆ ಒಂದು ಉತ್ತರ ಸಿಕ್ಕಿತು. ಕನ್ನಡದಲ್ಲಿ ಯೋಚಿಸುವ ಹುಡುಗಿಗೆ ಕನ್ನಡವೇ ಕ್ಯೋಟೋದಲ್ಲಿ ಕೈಹಿಡಿದು ದಾರಿ ತೋರಿಸಿತು.

ಆ ಮೇಷ್ಟ್ರು ಕೇಳಿದ ಪ್ರಶ್ನೆ

ಭಾಷೆ ಕಲಿತು ಕ್ಲಾಸಿಗೆ ಸೇರಿದಳು. ಅಲ್ಲಿ 'ಕೆಂಕ್ಯೂಶಿತ್ಸು' ಎಂಬ ಪದ್ಧತಿ. ಒಬ್ಬ ಪ್ರೊಫೆಸರರ ಕೆಳಗೆ ಒಂದು ಸಂಶೋಧನಾ ಕೋಣೆ. ಅವರ ಶಿಷ್ಯರೆಲ್ಲ ಅಲ್ಲೇ ಕೂತು ರಾತ್ರಿಯವರೆಗೆ ಓದು, ನಕ್ಷೆ, ರಟ್ಟಿನ ಮಾಡೆಲ್ಲು. ಮೊದಲ ತಿಂಗಳಲ್ಲಿ ಎಲ್ಲರೂ ತಮ್ಮ ತಮ್ಮ ಊರಿನ ಒಂದು ಮನೆಯ ಬಗ್ಗೆ ಹೇಳಬೇಕಿತ್ತು. ಇವಳು ಅಜ್ಜಿಯ ತೊಟ್ಟಿ ಮನೆಯನ್ನು ನೆನಪಿನಿಂದಲೇ ಬರೆದು, ಕಾಲಂ, ಬ್ರಾಕೆಟ್, ಬೀಮ್, ಕೋರ್ಟ್‌ಯಾರ್ಡ್ ಎಂದು ಹೆಸರು ಹಚ್ಚಿ ಗೋಡೆಗೆ ಅಂಟಿಸಿದಳು.

ಆ ಸೆನ್ಸೇ (ಮೇಷ್ಟ್ರಿಗೆ ಅಲ್ಲಿ ಹಾಗನ್ನುತ್ತಾರೆ) ಬಹಳ ಹೊತ್ತು ನೋಡಿ, ಮೆತ್ತಗೆ ಕೇಳಿದರಂತೆ: 'ಇವೆಲ್ಲ ಇಂಗ್ಲಿಷ್ ಹೆಸರು. ಈ ಮನೆ ಕಟ್ಟಿದ ಬಡಗಿ ಇವನ್ನು ಏನೆಂದು ಕರೆಯುತ್ತಿದ್ದ?'

ಇವಳಿಗೆ ಕಂಬ ಗೊತ್ತು, ತೊಟ್ಟಿ ಗೊತ್ತು, ಜಗಲಿ ಗೊತ್ತು. ಅಲ್ಲಿಗೆ ಮುಗಿಯಿತು. ಕಂಬದ ತಲೆಯ ಮೇಲೆ ಕೂತು ತೊಲೆಯನ್ನು ಹೊರುವ ಆ ಕೆತ್ತನೆಯ ಮರಕ್ಕೆ ಏನೆನ್ನುತ್ತಾರೆ? ಗೊತ್ತಿಲ್ಲ. ಐದು ವರ್ಷ ಆರ್ಕಿಟೆಕ್ಚರ್ ಓದಿದ ಹುಡುಗಿ, ಆ ಮನೆಯ ತೊಟ್ಟಿಲಲ್ಲಿ ಆಡಿದ ಹುಡುಗಿ ಬಾಯಿ ಮುಚ್ಚಿ ನಿಂತಳು.

ಆ ರಾತ್ರಿ ನನಗೆ ಫೋನು. ನಮ್ಮಲ್ಲಿ ಹತ್ತು ಗಂಟೆ, ಅಲ್ಲಿ ಒಂದೂವರೆ. 'ಮಾವ, ಅಜ್ಜಿ ಮನೇಲಿ ಕಂಬದ ಮೇಲೆ ಅಡ್ಡಕ್ಕೆ ಒಂದು ಮರದ ತುಂಡು ಇರ್ತಿತ್ತಲ್ಲ, ಗಿಣಿ ಕೆತ್ತಿದ್ರಲ್ಲ, ಅದಕ್ಕೆ ಏನಂತಾರೆ?'

ನನಗೂ ಗೊತ್ತಿರಲಿಲ್ಲ! ಕನ್ನಡ, ಕನ್ನಡ ಎಂದು ಬ್ಯಾನರ್ ಅಚ್ಚು ಹಾಕುವ ನನಗೆ, ನಮ್ಮದೇ ಮನೆಯ ಮರದ ಹೆಸರು ಗೊತ್ತಿರಲಿಲ್ಲ. ಆ ಮನೆಯನ್ನಾದರೂ ನೋಡಿ ನೆನಪಿಸಿಕೊಳ್ಳೋಣವೆಂದರೆ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದವರು ನಾವೇ ಅಣ್ಣತಮ್ಮಂದಿರು.

ಬೆಳಿಗ್ಗೆ ಊರಿನ ಆಚಾರ್ರಿಗೆ ಫೋನು ಮಾಡಿಸಿದೆ. ಎಂಬತ್ತರ ಆಸುಪಾಸಿನ ಜೀವ. ಕೇಳಿದ ಕೂಡಲೇ ನಕ್ಕರು. 'ಬೋದಿಗೆ ಕಣಪ್ಪಾ! ಇದನ್ನ ಕೇಳೋಕೆ ಜಪಾನಿನೋರು ಬೇಕಾಯ್ತಾ?' ಆಮೇಲೆ ಅವರು ಹೇಳುತ್ತಾ ಹೋದರು, ನಾನು ಮದುವೆ ಕಾರ್ಡಿನ ಪ್ರೂಫ್ ಹಾಳೆಯ ಹಿಂದೆ ಬರೆಯುತ್ತಾ ಹೋದೆ. ನಾಲ್ಕಾರು ಸಲ ಫೋನು ಮಾಡಿ 63 ಪದ ಬರೆದುಕೊಂಡೆ. 'ಹುಡುಗಿ ಬರಲಿ, ಎಲ್ಲಾ ತೋರಿಸಿಕೊಡ್ತೀನಿ' ಎಂದಿದ್ದರು. 2024ರಲ್ಲಿ ಆಚಾರ್ರು ತೀರಿಕೊಂಡರು. ಅವರ ಮಗ ಬೆಂಗಳೂರಿನಲ್ಲಿ ಪ್ಲೈವುಡ್ಡಿನ ಮಾಡ್ಯುಲರ್ ಕಿಚನ್ ಕೂರಿಸುವ ಕೆಲಸ ಮಾಡುತ್ತಾನೆ. ಆ 63 ಪದ ಉಳಿದವು. ಮಿಕ್ಕದ್ದು ಅವರ ಜೊತೆ ಚಿತೆಗೆ ಹೋಯಿತು.

ಜಪಾನಿಗೂ ಇದೇ ನಾಚಿಕೆ ಆಗಿತ್ತು

ಅಕ್ಕನ ಮಗಳು ತನ್ನ ಸೆನ್ಸೇ ಮುಂದೆ ತಲೆತಗ್ಗಿಸಿದಾಗ ಅವರು ಒಂದು ಕಥೆ ಹೇಳಿದರಂತೆ. ಜಪಾನಿನ ಆರ್ಕಿಟೆಕ್ಚರ್ ವಿದ್ಯಾರ್ಥಿಗಳೆಲ್ಲ ಕೇಳಿರುವ ಕಥೆ.

ಜಪಾನ್ ಹೊಸದಾಗಿ ಕಣ್ಣು ಬಿಟ್ಟ ಕಾಲ. ಪಶ್ಚಿಮದ ವಿದ್ಯೆ ಬೇಕೆಂದು ಸರ್ಕಾರವೇ ವಿದೇಶೀ ಮೇಷ್ಟ್ರುಗಳನ್ನು ಕರೆಸಿತು. ಕೆಲವರಿಗೆ ತಮ್ಮ ಮಂತ್ರಿಗಳಿಗಿಂತ ಹೆಚ್ಚು ಸಂಬಳ ಕೊಟ್ಟಿತು. 1877ರಲ್ಲಿ ಜೊಸಾಯ ಕಾಂಡರ್ ಎಂಬ 24 ವರ್ಷದ ಇಂಗ್ಲಿಷ್ ಹುಡುಗ ಟೋಕಿಯೋದ ಇಂಜಿನಿಯರಿಂಗ್ ಕಾಲೇಜಿಗೆ ಬಂದ. ಪಾಠ ಇಂಗ್ಲಿಷಿನಲ್ಲಿ. ಹುಡುಗರ ಪ್ರಬಂಧವೂ ಇಂಗ್ಲಿಷಿನಲ್ಲಿ. ಇವತ್ತು ನಮ್ಮಲ್ಲಿ ಇರುವ ಹಾಗೆಯೇ! 1879ರಲ್ಲಿ ನಾಲ್ಕು ಜನ ಪಾಸಾದರು. ಮೊದಲನೆಯವನು ತತ್ಸುನೋ ಕಿಂಗೋ. ಅವನನ್ನು ಲಂಡನ್ನಿಗೆ ಕಳಿಸಿದರು. ಅಲ್ಲಿ ಕಾಂಡರ್‌ಗೂ ಗುರುವಾಗಿದ್ದ ವಿಲಿಯಂ ಬರ್ಜಸ್ ಎಂಬ ದೊಡ್ಡ ವಾಸ್ತುಶಿಲ್ಪಿಯ ಕಚೇರಿಗೆ ಸೇರಿದ. ಬರ್ಜಸ್ ಕೇಳಿದ: 'ನಿಮ್ಮ ದೇಶದ ಹಳೆಯ ಕಟ್ಟಡಗಳು ಹೇಗಿವೆ? ಅವುಗಳ ಚರಿತ್ರೆ ಏನು?' ತತ್ಸುನೋಗೆ ಉತ್ತರ ಬರಲಿಲ್ಲ. ಅವನು ಓದಿದ್ದೆಲ್ಲ ಯೂರೋಪಿನದು.

ವ್ಯತ್ಯಾಸ ನೋಡಿ ಗೆಳೆಯರೇ. ನಾವು ಇಂಥ ನಾಚಿಕೆಯಾದರೆ ಮುಖ ತೊಳೆದುಕೊಂಡು ಮರೆಯುತ್ತೇವೆ. ತತ್ಸುನೋ ಮರೆಯಲಿಲ್ಲ. 1883ರಲ್ಲಿ ವಾಪಸು ಬಂದು, ಮಾರನೆಯ ವರ್ಷ ಕಾಂಡರ್ ಜಾಗದಲ್ಲಿ ಪ್ರೊಫೆಸರ್ ಆದ. 1889ರಲ್ಲಿ ಕಿಗೋ ಕಿಯೋಯೋಶಿ ಎಂಬವರನ್ನು ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಕರೆಸಿದ. ಯಾರು ಈ ಕಿಗೋ? ಅರಮನೆಯ ಬಡಗಿಗಳ ವಂಶದವರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಬ್ಬ ಆಚಾರ್ರು! ಟೋಕಿಯೋದ ವಿಶ್ವವಿದ್ಯಾಲಯದಲ್ಲಿ ಆಚಾರ್ರು ಮೇಷ್ಟ್ರು, ಡಿಗ್ರಿ ಹುಡುಗರು ಕೆಳಗೆ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ನಮ್ಮಲ್ಲಿ ಯಾವ ಆಚಾರ್ರನ್ನು ಯಾವ ಆರ್ಕಿಟೆಕ್ಚರ್ ಕಾಲೇಜು ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿದೆ, ಹೇಳಿ ಸ್ವಾಮೀ!

ಹಾಗೆಂದು ತತ್ಸುನೋ ಪಶ್ಚಿಮವನ್ನು ಬಿಡಲಿಲ್ಲ. 1914ರಲ್ಲಿ ಅವನು ಕಟ್ಟಿದ ಟೋಕಿಯೋ ರೈಲ್ವೆ ಸ್ಟೇಷನ್ ಕೆಂಪು ಇಟ್ಟಿಗೆಯದು, ಯೂರೋಪಿನ ಶೈಲಿಯದು. 1945ರ ಬಾಂಬ್ ದಾಳಿಯಲ್ಲಿ ಗುಮ್ಮಟಗಳು ಸುಟ್ಟುಹೋದವು. 2012ರಲ್ಲಿ ಮತ್ತೆ ಮೊದಲಿನಂತೆ ಕಟ್ಟಿ ನಿಲ್ಲಿಸಿದ್ದಾರೆ. ಹೊರಗಿನದನ್ನು ಕಲಿಯುವುದು ತಪ್ಪಲ್ಲ. ಅದನ್ನು ಕಲಿಯಲು ಮನೆಯದನ್ನು ಮರೆಯಬೇಕೆನ್ನುವುದು ತಪ್ಪು.

ಇನ್ನೊಬ್ಬ ಇತೋ ಚೂತಾ. ಆಗ ಆರ್ಕಿಟೆಕ್ಚರ್‌ಗೆ ಜಪಾನಿಯಲ್ಲಿ 'ಝೋಕಾ' ಎನ್ನುತ್ತಿದ್ದರು. ಮನೆ ಕಟ್ಟುವುದು ಎಂದಷ್ಟೇ ಅರ್ಥ. ದೇವಸ್ಥಾನ ಮನೆಯೇ? ಗೋಪುರ ಮನೆಯೇ? ಈ ಪದ ಸಾಲದು ಎಂದು ಇತೋ 1894ರಲ್ಲಿ ಲೇಖನ ಬರೆದು, 'ಕೆಂಚಿಕು' ಎಂಬ ಪದ ಇರಲಿ ಎಂದು ವಾದಿಸಿದ. 1897ರಲ್ಲಿ ಅವರ ಸಂಘವೇ ತನ್ನ ಹೆಸರು ಬದಲಾಯಿಸಿಕೊಂಡಿತು. ಮರುವರ್ಷ ವಿಶ್ವವಿದ್ಯಾಲಯದ ವಿಭಾಗವೂ ಬದಲಾಯಿಸಿಕೊಂಡಿತು. ಇವತ್ತಿಗೂ ಕೆಂಚಿಕುವೇ. ಒಂದು ಪದಕ್ಕಾಗಿ ಇಷ್ಟು ಜಗಳ! ಅದೇ ಇತೋ 1902ರಿಂದ 1905ರವರೆಗೆ ಚೀನಾ, ಬರ್ಮಾ, ನಮ್ಮ ಭಾರತ, ಟರ್ಕಿ ಎಲ್ಲ ಸುತ್ತಿದ. ಅವನು ಕಟ್ಟಿ 1934ರಲ್ಲಿ ಮುಗಿದ ಟೋಕಿಯೋದ ಸುಕಿಜಿ ಹೊಂಗಾನ್‌ಜಿ ಬೌದ್ಧ ಮಂದಿರ ನೋಡಿದರೆ ನಮ್ಮ ದೇಶದ ಹಳೆಯ ಚೈತ್ಯಗಳ ಕಮಾನು ನೆನಪಾಗುತ್ತದೆ.

ಪರಭಾಷೆಯ ಪದವೇ ಬೇಡ ಎನ್ನುವ ಮಡಿ ಅವರಿಗೂ ಇಲ್ಲ. ಕಾಂಕ್ರೀಟಿಗೆ 'ಕೊಂಕುರೀತೊ', ಬಿಲ್ಡಿಂಗಿಗೆ 'ಬಿರು', ಬಾಗಿಲಿಗೆ 'ದೊಅ'. ಇಂಗ್ಲಿಷ್ ಪದವನ್ನು ಹಿಡಿದು ತಮ್ಮ ಅಕ್ಷರದ ಅಂಗಿ ತೊಡಿಸಿ ಮನೆಯೊಳಗೆ ಕೂರಿಸಿಕೊಂಡಿದ್ದಾರೆ. ನಮ್ಮ ಗಾರೆಯವರು ಮಾಡುವುದೂ ಇದನ್ನೇ ಅಲ್ಲವೇ? ಸೆಂಟ್ರಿಂಗು, ಮೋಲ್ಡು, ಪ್ಲಾಸ್ಟರಿಂಗು. ಅವರ ಬಾಯಲ್ಲಿ ಇವು ಕನ್ನಡವೇ ಆಗಿವೆ. ಪಂಡಿತರು ಕೂತು ನಾಲಿಗೆ ಹೊರಳದ ಸಂಸ್ಕೃತದ ಪದ ಕಟ್ಟುವುದು ಬೇಡ. ಕೆಲಸಗಾರನ ಬಾಯಲ್ಲಿ ಇರುವುದನ್ನು ಪುಸ್ತಕಕ್ಕೆ ತನ್ನಿ, ಸಾಕು.

ಬಡಗಿಯ ಅಳತೆಕೋಲು

ಎರಡನೇ ವರ್ಷ ಇವಳು ಒಂದು ಹಳೆಯ ಮರದ ಮನೆಯ ರಿಪೇರಿ ನಡೆಯುವ ಕಡೆ ಬಡಗಿಗಳ ಜೊತೆ ಇದ್ದಳು. ನಮ್ಮ ಗರಗಸ ತಳ್ಳಿದರೆ ಕೊಯ್ಯುತ್ತದೆ, ಅವರದು ಎಳೆದರೆ ಕೊಯ್ಯುತ್ತದೆ. ಮೊದಲ ದಿನ ಗೊತ್ತಿಲ್ಲದೆ ತಳ್ಳಿ ಅಲಗು ಬಗ್ಗಿಸಿ ಬೈಸಿಕೊಂಡಳು. ಬೈಗುಳ ಪೂರ್ತಿ ಅರ್ಥವಾಯಿತು ಎನ್ನುವುದೇ ಅವಳ ಸಂತೋಷ! ಇಂಗ್ಲಿಷ್ ಕೋರ್ಸಿನಲ್ಲಿದ್ದ ಗೆಳತಿಯರು ಅದೇ ಮನೆಗೆ ಬಂದು ಫೋಟೋ ಹೊಡೆದುಕೊಂಡು ಹೋದರಂತೆ. ಇವಳು ಅಲ್ಲಿ ಕೂತು ಟೀ ಕುಡಿದಳು.

ಅವರ ಅಳತೆ 'ಶಾಕು'. 30.3 ಸೆಂಟಿಮೀಟರ್, ಹೆಚ್ಚುಕಡಿಮೆ ನಮ್ಮ ಅಡಿ. ಆರು ಶಾಕು ಸೇರಿದರೆ ಒಂದು 'ಕೆನ್'. ಜಾಗದ ಲೆಕ್ಕಕ್ಕೆ 'ತ್ಸುಬೊ', ಸುಮಾರು 3.3 ಚದರ ಮೀಟರ್. ನಮ್ಮ ಬೆಂಗಳೂರಿನಲ್ಲಿ 'ಹತ್ತು ಚದರದ ಮನೆ' ಎನ್ನುವುದಿಲ್ಲವೇ, ಹಾಗೆ. ಎರಡನೇ ಮಹಾಯುದ್ಧದ ನಂತರ ಸರ್ಕಾರ ಕಾನೂನು ಮಾಡಿ ವ್ಯವಹಾರದಲ್ಲಿ ಈ ಹಳೆಯ ಅಳತೆ ಕೂಡದು, ಎಲ್ಲ ಮೀಟರಿನಲ್ಲಿರಲಿ ಎಂದಿತು. ಬಡಗಿಗಳಿಗೆ ಶಾಕು ಕೋಲು ಮಾರುವುದೂ ಅಪರಾಧವಾಯಿತು. 1970ರ ದಶಕದಲ್ಲಿ ಏಯಿ ರೋಕುಸುಕೆ ಎಂಬ ರೇಡಿಯೋ, ಟಿವಿಯ ಜನಪ್ರಿಯ ಮಾತುಗಾರ ಇದರ ವಿರುದ್ಧ ಎದ್ದು ನಿಂತ. 'ಬಡಗಿಯ ಕೈಯಿಂದ ಅವನ ಅಳತೆ ಕಿತ್ತುಕೊಂಡರೆ ವಿದ್ಯೆಯನ್ನೇ ಕಿತ್ತುಕೊಂಡ ಹಾಗೆ' ಎನ್ನುವುದು ಅವನ ಹೋರಾಟದ ತಿರುಳು. ಕೊನೆಗೆ ಸರ್ಕಾರ ಸಡಿಲಿಸಿ ಬಡಗಿಗಳ ಕೋಲಿಗೆ ದಾರಿ ಬಿಟ್ಟಿತು. ಒಬ್ಬ ಕಲಾವಿದ ಬಡಗಿಗಳ ಪರವಾಗಿ ಬೀದಿಗಿಳಿದ ಕಥೆ ನಮ್ಮ ಸಿನಿಮಾ ಹೀರೋಗಳಿಗೂ ಯಾರಾದರೂ ಹೇಳಿ.

ಅವಳು ನನಗೊಂದು ಪುಸ್ತಕ ತಂದಳು. ಸಾಲುಗಳು ಮೇಲಿನಿಂದ ಕೆಳಕ್ಕೆ, ಬೆನ್ನು ಬಲಗಡೆ, ಪುಟ ತಿರುಗಿಸುವುದು ಎಡದಿಂದ ಬಲಕ್ಕೆ. ನಿಶಿಯೋಕಾ ತ್ಸುನೆಕಾಝು ಎಂಬ ದೇವಸ್ಥಾನದ ಬಡಗಿಯ ಮಾತುಗಳು. 1908ರಲ್ಲಿ ಹುಟ್ಟಿ 1995ರಲ್ಲಿ ತೀರಿಕೊಂಡವರು. ನಾರಾ ಬಳಿಯ ಹೋರ್ಯೂಜಿ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳ ಜಾಗ, ಸಾವಿರದ ಮುನ್ನೂರು ವರ್ಷದ ಮರ. ಅದರ ಜೀರ್ಣೋದ್ಧಾರದಲ್ಲಿ ಇವರು ದುಡಿದರು. ಹಳೆಯ ಮಂದಿರಕ್ಕೆ ಕಬ್ಬಿಣ, ಕಾಂಕ್ರೀಟು ತುರುಕಬೇಕೆಂದ ಪ್ರೊಫೆಸರುಗಳ ಜೊತೆ ಈ ಬಡಗಿ ಸರಿಸಮನಾಗಿ ವಾದ ಮಾಡಿದ. ಅವರು ಮಾತಾಡಿದರು, ಬೇರೆಯವರು ಬರೆದುಕೊಂಡರು, ಪ್ರಕಾಶಕರು ಅಚ್ಚು ಹಾಕಿದರು, ಜನ ಕೊಂಡು ಓದಿದರು. ನಮ್ಮ ಆಚಾರ್ರ ಮಾತು ಮದುವೆ ಕಾರ್ಡಿನ ಹಿಂದೆ ಉಳಿಯಿತು.

ಮುದ್ರಕನಾಗಿ ಒಂದು ಮಾತು. ನಮ್ಮಪ್ಪನ ಕಾಲದಲ್ಲಿ ಮೊಳೆ ಜೋಡಿಸುವಾಗ 'ಕನ್ನಡಕ್ಕೆ ಒತ್ತಕ್ಷರ ಜಾಸ್ತಿ, ಕಷ್ಟ' ಎಂದು ಗೊಣಗುತ್ತಿದ್ದರು. ಜಪಾನಿನ ಪ್ರೆಸ್ಸುಗಳಲ್ಲಿ ಸಾವಿರಾರು ಬಗೆಯ ಮೊಳೆ. ಗೋಡೆಯುದ್ದ ಗೂಡುಗಳು, ಕೈಯಲ್ಲಿ ಪೆಟ್ಟಿಗೆ ಹಿಡಿದು ನಡೆಯುತ್ತಾ ಒಂದೊಂದೇ ಆರಿಸಿ ತರಲು ಬೇರೆ ಕೆಲಸಗಾರರು. ಅಷ್ಟು ಕಷ್ಟಪಟ್ಟು ದಿನಪತ್ರಿಕೆ, ವಿಜ್ಞಾನ, ಇಂಜಿನಿಯರಿಂಗ್ ಎಲ್ಲ ತಮ್ಮ ಭಾಷೆಯಲ್ಲೇ ಅಚ್ಚು ಹಾಕಿದರು. ಈಗ ಕಂಪ್ಯೂಟರು ಬಂದು ನಮ್ಮ ಒತ್ತಕ್ಷರದ ಕಷ್ಟ ಮುಗಿದಿದೆ. ಇನ್ನೂ ಯಾವ ನೆಪ?

ಜಪಾನಿಗೆ ಆರತಿ ಎತ್ತಬೇಡಿ

ಹಾಗೆಂದು ಜಪಾನ್ ಸ್ವರ್ಗವೆಂದು ತಿಳಿಯಬೇಡಿ. ಬಾಡಿಗೆ ಕೋಣೆ ಹುಡುಕಲು ಹೋದಾಗ ಇಬ್ಬರು ಮಾಲೀಕರು 'ವಿದೇಶಿಯರಿಗೆ ಕೊಡುವುದಿಲ್ಲ' ಎಂದು ಏಜೆಂಟನ ಬಾಯಲ್ಲಿ ಹೇಳಿ ಕಳಿಸಿದರು. ಬೆಂಗಳೂರಿನಲ್ಲಿ ನಾವೂ ಜಾತಿ ಕೇಳಿ ಮನೆ ಕೊಡುವವರೇ ಎಂದು ನೆನೆದು ಅವಳು ಸುಮ್ಮನಾದಳು. ರಾತ್ರಿ ಹನ್ನೊಂದಾದರೂ ಹಿರಿಯರು ಏಳುವವರೆಗೆ ಕೋಣೆಯಿಂದ ಏಳಲು ಸಂಕೋಚ. ಹಬ್ಬದ ದಿನ ಒಬ್ಬಳೇ ಕೂತು ಚಿತ್ರಾನ್ನ ತಿಂದಳು.

ಇದಕ್ಕಿಂತ ದೊಡ್ಡ ವಿಷಯವೊಂದಿದೆ. ಜಪಾನಿ ಭಾಷೆಯನ್ನು ಇಷ್ಟು ಎತ್ತರಕ್ಕೆ ಏರಿಸಿದ ಅದೇ ದೇಶ ಬೇರೆಯವರ ಭಾಷೆಯನ್ನು ತುಳಿದಿದೆ. ಓಕಿನಾವಾ ದ್ವೀಪದ ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳ ಕೊರಳಿಗೆ ಮರದ ಹಲಗೆ ನೇತುಹಾಕಿ ಅವಮಾನ ಮಾಡುತ್ತಿದ್ದರು. ಉತ್ತರದ ಐನು ಜನರ ಭಾಷೆ ಇನ್ನೇನು ಆರಿಹೋಗುವ ದೀಪ. ಅವರನ್ನು ಮೂಲನಿವಾಸಿಗಳೆಂದು ಅಲ್ಲಿನ ಸಂಸತ್ತು ಒಪ್ಪಿದ್ದು 2008ರಲ್ಲಿ, ಕಾನೂನು ಬಂದದ್ದು 2019ರಲ್ಲಿ. ಇದರಿಂದ ನಾವು ಕಲಿಯಬೇಕು. ಕನ್ನಡಕ್ಕೆ ನ್ಯಾಯ ಕೇಳುವ ನಾವು ತುಳು, ಕೊಡವ, ಕೊಂಕಣಿ, ಬ್ಯಾರಿ ಮಾತಾಡುವ ಮಗುವಿನ ಕೊರಳಿಗೆ ಹಲಗೆ ಕಟ್ಟುವವರಾಗಬಾರದು. ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ತೆತ್ತ ನಮ್ಮ ಮಕ್ಕಳಿಗೆ ಆ ನೋವು ಗೊತ್ತು.

ಅವರ ಬಡಗಿಗಳೂ ಕಡಿಮೆಯಾಗುತ್ತಿದ್ದಾರೆ. 1980ರಲ್ಲಿ ಒಂಬತ್ತು ಲಕ್ಷಕ್ಕೂ ಮೇಲಿದ್ದವರು 2020ರ ಹೊತ್ತಿಗೆ ಮೂರು ಲಕ್ಷದ ಆಸುಪಾಸು. ಆದರೆ ಹೋಗುವ ಮುಂಚೆ ಬರೆದಿಡುತ್ತಿದ್ದಾರೆ, ಕಲಿಸುತ್ತಿದ್ದಾರೆ. ಇಸೆ ಎಂಬಲ್ಲಿರುವ ದೇವಸ್ಥಾನವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. 690ರಲ್ಲಿ ಶುರುವಾದದ್ದು. ನಡುವೆ ಯುದ್ಧಗಳ ಕಾಲದಲ್ಲಿ ನೂರು ವರ್ಷಕ್ಕೂ ಹೆಚ್ಚು ನಿಂತೂ ಹೋಗಿತ್ತು. ಮತ್ತೆ ಹಿಡಿದರು. 62ನೆಯದು 2013ರಲ್ಲಾಯಿತು, ಮುಂದಿನದು 2033ರಲ್ಲಿ. ಇಪ್ಪತ್ತರ ಹುಡುಗ ಕಲಿಯುತ್ತಾನೆ, ನಲವತ್ತರಲ್ಲಿ ಕಟ್ಟುತ್ತಾನೆ, ಅರವತ್ತರಲ್ಲಿ ಕಲಿಸುತ್ತಾನೆ. ಹೊಸದಾಗುವುದು ಕಟ್ಟಡ, ಹಳೆಯದಾಗಿ ಉಳಿಯುವುದು ವಿದ್ಯೆ.

ಇಂಗ್ಲಿಷಿಲ್ಲದೆ ಮುಂದೆ ಬರಲಾದೀತೇ?

ಇದು ನಮ್ಮವರ ಹಳೆಯ ರಾಗ. ಕೇಳಿ. ಆರ್ಕಿಟೆಕ್ಚರಿನ ನೊಬೆಲ್ ಎಂದು ಕರೆಯುವ ಪ್ರಿಟ್ಸ್ಕರ್ ಪ್ರಶಸ್ತಿ 1987ರಿಂದ 2024ರವರೆಗೆ ಎಂಟು ಸಲ ಜಪಾನಿಗೆ ಹೋಗಿದೆ. ಅವರಲ್ಲಿ ಅಮೆರಿಕದಲ್ಲಿ ಓದಿದವರೂ ಇದ್ದಾರೆ. ಯಾವ ವಿಶ್ವವಿದ್ಯಾಲಯದ ಮೆಟ್ಟಿಲೂ ಹತ್ತದೆ, ಬಾಕ್ಸಿಂಗ್ ಮಾಡಿಕೊಂಡಿದ್ದು, ತಾನೇ ಓದಿ ಕಲಿತ ತಾದಾವೋ ಆಂದೋ ಕೂಡ ಇದ್ದಾರೆ. ಅವರಿಗೆ ಸಿಕ್ಕಿದ್ದು 1995ರಲ್ಲಿ. ತಾನೇ ಓದಿ ಕಲಿಯಬೇಕಾದರೆ ಓದಲು ತನ್ನ ಭಾಷೆಯಲ್ಲಿ ಪುಸ್ತಕ ಇರಬೇಕಲ್ಲ! ಅಲ್ಲಿ ಆರ್ಕಿಟೆಕ್ಟ್ ಲೈಸೆನ್ಸಿನ ಪರೀಕ್ಷೆಯೂ ಜಪಾನಿಯಲ್ಲೇ.

ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ. ನನ್ನ ಅಕ್ಕನ ಮಗಳಿಗೆ ಮೂರು ಭಾಷೆ ಬರುತ್ತದೆ, ಬರಲಿ. ಕಾಂಡರ್ ಜಪಾನಿಗೆ ಬಂದು ಅಲ್ಲಿನ ಚಿತ್ರಕಲೆಯನ್ನು ಕಾವಾನಾಬೆ ಕ್ಯೋಸೈ ಎಂಬ ಕಲಾವಿದರ ಶಿಷ್ಯನಾಗಿ ಕಲಿತ. ಕಲಿಯುವವನಿಗೆ ಭಾಷೆ ಬೇಲಿಯಲ್ಲ. ಆದರೆ ಇಂಗ್ಲಿಷ್ ಬಂದರೆ ಸಾಕು, ಕನ್ನಡ ಅಡುಗೆಮನೆಗೆ ಇರಲಿ ಎಂದರೆ ಅದು ಗುಲಾಮಗಿರಿ.

ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದವರು. ಆ ದೇಶದ ಶಿಕ್ಷಣ, ಕೈಗಾರಿಕೆ ಅವರ ಕಣ್ಣಿಗೆ ಕಟ್ಟಿತ್ತು. ಅವರು ದಿವಾನರಾಗಿದ್ದಾಗಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದವು. ಆದರೆ ವಿಶ್ವವಿದ್ಯಾಲಯದ ಪಾಠ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. ಮುಂದೆ ಕುವೆಂಪು ಕುಲಪತಿಗಳಾಗಿ ಕನ್ನಡದಲ್ಲಿ ಪಾಠವಾಗಲಿ ಎಂದು ಹಟ ಹಿಡಿದರು. ಅವರು ಹಚ್ಚಿದ ದೀಪಕ್ಕೆ ಎಣ್ಣೆ ಹಾಕುವವರು ಕಡಿಮೆಯಾದರು.

ನಮ್ಮಲ್ಲಿ ಪರಂಪರೆ ಇರಲಿಲ್ಲವೇ? ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿದ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೆತ್ತಿದ. ಯಾವ ಅಕ್ಷರದಲ್ಲಿ? ಕನ್ನಡದಲ್ಲಿ! ಎಂಟುನೂರು ವರ್ಷದ ಹಿಂದೆ ಕಟ್ಟುವವನ ಕೈಯೂ ಕನ್ನಡ, ಸಹಿಯೂ ಕನ್ನಡ. ಇವತ್ತು ನಕ್ಷೆ ಬರೆಯುವವನ ಭಾಷೆ ಒಂದು, ಇಟ್ಟಿಗೆ ಇಡುವವನ ಭಾಷೆ ಇನ್ನೊಂದು. ನಡುವೆ ಮೇಸ್ತ್ರಿ ಊಹೆ ಮಾಡಿ ಮನೆ ಕಟ್ಟುತ್ತಾನೆ. ಗೋಡೆ ಸೀಳಿದರೆ ಬೈಗುಳ ಮಾತ್ರ ಶುದ್ಧ ಕನ್ನಡದಲ್ಲಿ!

ನನ್ನ ತಪ್ಪು, ನನ್ನ ಕೋರಿಕೆ

ಬೇರೆಯವರನ್ನು ಬೈದು ಮುಗಿಸುವುದು ಸುಲಭ. ನನ್ನ ತಪ್ಪನ್ನೂ ಹೇಳುತ್ತೇನೆ. ನನ್ನ ಮಗ ಇಂಗ್ಲಿಷ್ ಮೀಡಿಯಂ. 'ಎಲ್ಲರೂ ಹಾಕಿದರು, ನಾನೂ ಹಾಕಿದೆ' ಎನ್ನುವುದೇ ನನ್ನ ಸಮಜಾಯಿಷಿ. ಬೋದಿಗೆ ಎಂದರೆ ಅವನು 'ಅದೇನಪ್ಪಾ, ತಿನ್ನೋದಾ?' ಎಂದು ಕೇಳಿದ. ನಗು ಬರಲಿಲ್ಲ.

ಗೆಳೆಯರೇ, ನವೆಂಬರಿನಲ್ಲಿ ಬಾವುಟ ಕಟ್ಟುತ್ತೀರಿ, ಬೋರ್ಡಿಗೆ ಮಸಿ ಬಳಿಯುತ್ತೀರಿ. ಅದರ ಜೊತೆ ಇದೊಂದು ಕೆಲಸ ಮಾಡಿ. ನಿಮ್ಮಲ್ಲಿ ಆರ್ಕಿಟೆಕ್ಚರ್, ಸಿವಿಲ್, ಡಿಪ್ಲೊಮಾ ಓದುವವರು ಬೇಕಾದಷ್ಟು ಜನ ಇದ್ದೀರಿ. ಕಾಲೇಜಿನಲ್ಲಿ ಒಟ್ಟಾಗಿ ಕೇಳಿ: ರಿಪೋರ್ಟಿನ ಒಂದು ಅಧ್ಯಾಯವನ್ನಾದರೂ ಕನ್ನಡದಲ್ಲಿ ಬರೆಯಲು ಬಿಡಿ, ನಕ್ಷೆಯ ಮೇಲೆ ಕನ್ನಡ ಹೆಸರು ಹಚ್ಚಲು ಬಿಡಿ, ವರ್ಷಕ್ಕೊಮ್ಮೆ ಒಬ್ಬ ಆಚಾರ್ರನ್ನು, ಒಬ್ಬ ಗಾರೆ ಮೇಸ್ತ್ರಿಯನ್ನು ಕ್ಲಾಸಿಗೆ ಕರೆಸಿ. ಇಲ್ಲವೆಂದರೆ ಯಾಕಿಲ್ಲ ಎಂದು ಬರೆದು ಕೊಡಿ ಎನ್ನಿ. ರಜೆಯಲ್ಲಿ ಊರಿಗೆ ಹೋದಾಗ ಬಡಗಿ, ಕಲ್ಲುಕುಟಿಗ, ಕುಂಬಾರ, ಹೆಂಚು ಹೊದಿಸುವವನ ಹತ್ತಿರ ಕೂತು ಪದ ಬರೆದುಕೊಳ್ಳಿ. ಫೋನಿನಲ್ಲಿ ಅವರ ಧ್ವನಿ ಹಿಡಿದಿಡಿ. ಅವರು ಕಾಯುತ್ತಾ ಕೂರುವುದಿಲ್ಲ. ನಮ್ಮ ಆಚಾರ್ರು ಕಾಯಲಿಲ್ಲ.

ನನ್ನ ಕಡೆಯಿಂದ ಮಾತು ಕೊಡುತ್ತೇನೆ. ಯಾರು ಹೀಗೆ ಪದ ಸಂಗ್ರಹಿಸಿ ತಂದರೂ ಕಾಗದದ ಖರ್ಚಿನಲ್ಲೇ ಅಚ್ಚು ಹಾಕಿಕೊಡುತ್ತೇನೆ, ಕೂಲಿ ಬೇಡ. ಮೊದಲ ಪುಸ್ತಕದ ಕೆಲಸ ಶುರುವಾಗಿದೆ. ಆಚಾರ್ರ ಆ 63 ಪದ, ಅಕ್ಕನ ಮಗಳು ಬರೆದ ಚಿತ್ರ. ಸಣ್ಣ ಪುಸ್ತಕ. ಮೊದಲ ಪುಟದ ಮೊದಲ ಪದ ಬೋದಿಗೆ. ತಾನು ಎದ್ದು ಕಾಣುವುದಕ್ಕಲ್ಲ, ಮೇಲಿನ ಭಾರವನ್ನು ಕೆಳಗಿನ ಕಂಬಕ್ಕೆ ಮುಟ್ಟಿಸುವುದಕ್ಕೆ ಇರುವ ಮರ ಅದು.

ಅದು ಕಳಚಿದರೆ ಸೂರು ಎಷ್ಟು ದಿನ ನಿಂತೀತು, ನೀವೇ ಹೇಳಿ.